ಗೊತ್ತಿರೋದೇ ಬಾಯಿಗೆ ಬರದಾಗ

ನಮಸ್ಕಾರ ಕೇಳುಗರೇ. ಇಂಟರ್‌ವ್ಯೂನಲ್ಲಿ ಕೂತಿರುತ್ತೀರಿ. ನಿಮಗೆ ಚೆನ್ನಾಗಿ ಗೊತ್ತಿರೋದನ್ನೇ ಕೇಳುತ್ತಾರೆ, ಆದರೂ ತಲೆ ಪೂರ್ತಿ ಖಾಲಿ. ಮನೆಗೆ ಹೋಗಿ ಬಟ್ಟೆ ಬದಲಾಯಿಸುವಾಗ ಉತ್ತರ ತಾನಾಗೇ ನೆನಪಾಗುತ್ತದೆ. ಹಾಗಾದರೆ ಅದು ಅಳಿಸಿಹೋಗಿರಲಿಲ್ಲ ಅಲ್ವಾ? ಇತ್ತು, ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ, ಅಷ್ಟೇ.

1998ರಲ್ಲಿ ಡಿ ಕ್ವೆರ್ವೈನ್, ರೂಜೆಂಡಾಲ್, ಮೆಕ್‌ಗಾ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ನೋಡಿದರು. ನೀರಿನ ತೊಟ್ಟಿಯೊಳಗೆ ಕಣ್ಣಿಗೆ ಕಾಣದಂತೆ ಒಂದು ಕಟ್ಟೆ, ಅದು ಎಲ್ಲಿದೆ ಅಂತ ಇಲಿಗಳು ಈಜಿ ಈಜಿ ಮೊದಲೇ ಕಲಿತಿದ್ದವು. ಆಮೇಲೆ ಕಾಲಿಗೆ ಸಣ್ಣ ಶಾಕ್ ಕೊಟ್ಟು ಮತ್ತೆ ನೀರಿಗೆ ಬಿಟ್ಟರು. ಶಾಕ್ ಆದ 2 ನಿಮಿಷಕ್ಕೆ ಬಿಟ್ಟ ಇಲಿಗಳಿಗೆ ಜಾಗ ನೆನಪಿತ್ತು. 4 ಗಂಟೆ ಬಿಟ್ಟು ಇಳಿಸಿದವಕ್ಕೂ ನೆನಪಿತ್ತು. ದಿಕ್ಕು ತಪ್ಪಿದ್ದು 30 ನಿಮಿಷದ ಗುಂಪು ಮಾತ್ರ!

ಯಾಕೆ? ಹೆದರಿದ ತಕ್ಷಣ ಎದೆ ಹೊಡೆದುಕೊಳ್ಳುವಂತೆ ಮಾಡೋದು ಅಡ್ರಿನಲಿನ್, ಅದು ಕ್ಷಣದಲ್ಲಿ ಬರುತ್ತದೆ. ಒತ್ತಡವಾದಾಗ ಬರುವ ಇನ್ನೊಂದು ಹಾರ್ಮೋನು ಕಾರ್ಟಿಸಾಲ್, ಅದು ನಿಧಾನ. ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಹೊರಟು, ರಕ್ತದಲ್ಲಿ ಏರಿ, ಸುಮಾರು 20–30 ನಿಮಿಷಕ್ಕೆ ಅದು ತುದಿ ಮುಟ್ಟುತ್ತದೆ. ನೆನಪನ್ನು ಹುಡುಕಿ ತರುವ, ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಈ ಹಾರ್ಮೋನು ಬಂದು ಕೂರುವ ಜಾಗಗಳು ಜಾಸ್ತಿ, ಹಾಗಾಗಿ ಪೆಟ್ಟು ಅಲ್ಲಿಗೇ ಬೀಳುತ್ತದೆ. ಇಲಿಗಳಲ್ಲಿ ಇದೇ ಜಾತಿಯ ಹಾರ್ಮೋನು ಏರದಂತೆ ಔಷಧಿ ಕೊಟ್ಟಾಗ, ಶಾಕ್ ಆಗಿದ್ದರೂ ಮರೆವು ಕಾಣಲಿಲ್ಲ.

ತಮಾಷೆ ಏನು ಗೊತ್ತಾ, ಇದೇ ಕಾರ್ಟಿಸಾಲ್ ಆ ಹೊತ್ತಿನಲ್ಲಿ ನಡೆಯುತ್ತಿರೋದನ್ನು ಗಟ್ಟಿಯಾಗಿ ಅಚ್ಚೊತ್ತಿಸುತ್ತದೆ. ಉತ್ತರ ಮರೆತುಹೋಗುತ್ತದೆ, ಪ್ರಶ್ನೆ ಕೇಳಿದವರ ಮುಖ ಮಾತ್ರ ವರ್ಷಗಟ್ಟಲೆ ಮರೆಯೋದಿಲ್ಲ. ಎಂಥಾ ಅನ್ಯಾಯ!

ಗಾಬರಿಯಾಗಬೇಡಿ ಅಂತ ಹೇಳಿಬಿಡೋದು ಸುಲಭ. ನನಗೆ ಅದಕ್ಕಿಂತ ಕೆಲಸಕ್ಕೆ ಬರುವಂಥದ್ದು ಅನಿಸಿದ್ದು 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಒಂದು ಗುಂಪು ಪದಗಳನ್ನೂ ಚಿತ್ರಗಳನ್ನೂ ಮತ್ತೆ ಮತ್ತೆ ನೋಡಿ ಕಲಿಯಿತು, ಇನ್ನೊಂದು ಗುಂಪು ಒಮ್ಮೆ ನೋಡಿ, ಉಳಿದ ಹೊತ್ತೆಲ್ಲ ನೋಡದೇ ನೆನಪಿಸಿಕೊಳ್ಳೋ ಅಭ್ಯಾಸ ಮಾಡಿತು. ಮರುದಿನ ಕೆಲವರನ್ನು ಜನರೆದುರು ನಿಲ್ಲಿಸಿ ದಿಢೀರ್ ಭಾಷಣ ಮಾಡಿಸಿದರು, ಬಾಯಿಲೆಕ್ಕ ಹಾಕಿಸಿದರು. ಕಾರ್ಟಿಸಾಲ್ ಏರಿದ ಮೇಲೆ ಕೇಳಿದಾಗ, ಬರೀ ನೋಡಿ ಕಲಿತವರ ನೆನಪು ಕುಸಿಯಿತು. ನೆನಪಿಸಿಕೊಂಡು ಕಲಿತವರದ್ದು ಅಲುಗಾಡಲಿಲ್ಲ. ಹಾಗಾಗಿ ಓದುತ್ತಿರುವವರು ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆದು ನೋಡಿ. ಮೊದಮೊದಲು ಅರ್ಧವೂ ಬರೋದಿಲ್ಲ. ಬರದಿದ್ದರೆ ಪುಸ್ತಕ ತೆರೆದು ನೋಡಿ, ಮತ್ತೆ ಮುಚ್ಚಿ ಬರೆಯಿರಿ. ನಮಸ್ಕಾರ.