ಸ್ಕ್ಯಾನರ್ ಕೈಗೆ ಬಂದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಕಾರು ಓಡಿಸುವವರಿಗೆ ಒಂದು ಹಳದಿ ದೀಪದ ಪರಿಚಯ ಇದ್ದೇ ಇರುತ್ತದೆ. ಸ್ಪೀಡೋಮೀಟರ್ ಪಕ್ಕದಲ್ಲಿ, ಎಂಜಿನ್ ಚಿತ್ರದ ಆಕಾರದಲ್ಲಿ ಹತ್ತುವ ಚಿಕ್ಕ ದೀಪ. ಚೆಕ್ ಎಂಜಿನ್ ದೀಪ ಅಂತಾರೆ. ಗಾಡಿ ಚೆನ್ನಾಗೇ ಓಡುತ್ತಿರುತ್ತದೆ. ಸದ್ದೂ ಬದಲಾಗಿರುವುದಿಲ್ಲ. ಆದರೂ ಒಂದು ಬೆಳಿಗ್ಗೆ ಆ ದೀಪ ಹತ್ತಿಕೊಳ್ಳುತ್ತದೆ, ಮತ್ತೆ ಆರುವುದೇ ಇಲ್ಲ. ಆವಾಗ ಮನಸ್ಸಿಗೆ ಕಿರಿಕಿರಿ ಶುರುವಾಗುತ್ತದೆ, ಅಲ್ವಾ?

ದೀಪ ಯಾಕೆ ಹತ್ತಿತು ಅಂತ ಕಾರನ್ನೇ ಕೇಳಿ ತಿಳಿಯುವ ಸಾಧನ ಸ್ಕ್ಯಾನರ್. ಕಾರು ಉತ್ತರ ಕೊಡುವುದು ಕೋಡ್ ಅನ್ನುವ ಸಂಕೇತದಲ್ಲಿ. ಕೈಯಲ್ಲಿ ಹಿಡಿದುಕೊಳ್ಳುವಂಥ ಸಣ್ಣ ಪೆಟ್ಟಿಗೆ. ಒಂದು ಪರದೆ, ನಾಲ್ಕೈದು ಗುಂಡಿ, ಒಂದು ಕೇಬಲ್, ಅಷ್ಟೇ. ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಹೊಸದಾಗಿ ಸ್ಕ್ಯಾನರ್ ಕೊಂಡವರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ಕೋಡ್ ಬಂತು. ಈಗ ಯಾವ ಪಾರ್ಟ್ ಬದಲಾಯಿಸಬೇಕು?" ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಸ್ಕ್ಯಾನರನ್ನು ಎಲ್ಲಿ ಚುಚ್ಚುವುದು ಅಂತ ನೋಡೋಣ. ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನ ತಳಭಾಗವನ್ನು ಕೈಯಿಂದ ತಡವಿ ನೋಡಿ. ಕಣ್ಣಿಗಿಂತ ಮೊದಲು ಬೆರಳಿಗೇ ಸಿಗುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿರುವ ಸಾಕೆಟ್. ಎರಡು ಸಾಲಿನಲ್ಲಿ ಎಂಟೆಂಟು, ಒಟ್ಟು 16 ಪಿನ್ನುಗಳ ಜಾಗ. ಕೆಲವು ಗಾಡಿಗಳಲ್ಲಿ ಇದಕ್ಕೊಂದು ಮುಚ್ಚಳ ಇರುತ್ತದೆ. ಇದೇ ಓಬಿಡಿ ಪೋರ್ಟ್. ಓಬಿಡಿ ಅಂದರೆ ಆನ್-ಬೋರ್ಡ್ ಡಯಾಗ್ನೋಸ್ಟಿಕ್ಸ್, ಕಾರು ತನ್ನ ತೊಂದರೆಯನ್ನು ತಾನೇ ಪತ್ತೆ ಹಚ್ಚುವ ವ್ಯವಸ್ಥೆ. ಕೇಬಲ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಜೋರು ಮಾಡಿ ಒತ್ತಬೇಡಿ. ಬಾಗಿದ ಪಿನ್ ನೆಟ್ಟಗೆ ಮಾಡುವುದು ಬಹಳ ತಾಪತ್ರಯ.

ಚುಚ್ಚಿದ ಕೂಡಲೇ ಸ್ಕ್ಯಾನರಿನ ಪರದೆ ಬೆಳಗುತ್ತದೆ. ಬಹಳಷ್ಟು ಸ್ಕ್ಯಾನರುಗಳಿಗೆ ಬೇರೆ ಬ್ಯಾಟರಿ ಬೇಕಿಲ್ಲ. 16ನೇ ಪಿನ್ನಿನಲ್ಲಿ ಕಾರಿನ ಬ್ಯಾಟರಿಯ ಕರೆಂಟ್ ಸದಾ ಇರುತ್ತದೆ, 4ನೇ ಪಿನ್ ಅರ್ಥ್. ಪರದೆ ಬೆಳಗಲೇ ಇಲ್ಲ ಅಂದರೆ ಸ್ಕ್ಯಾನರ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಫ್ಯೂಸ್ ನೋಡಿ. ಎಷ್ಟೋ ಕಾರುಗಳಲ್ಲಿ ಸಿಗರೇಟ್ ಲೈಟರಿಗೂ ಈ ಪೋರ್ಟಿಗೂ ಒಂದೇ ಫ್ಯೂಸ್. ಯಾವಾಗಲೋ ಫೋನ್ ಚಾರ್ಜರ್ ಹಾಕುವಾಗ ಅದು ಹೋಗಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ.

ಇನ್ನು ಕೀಲಿ ಆನ್ ಮಾಡಿ, ಆದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿದ ಸ್ಥಿತಿಯಲ್ಲಿ ಬಿಡಿ. ಆ ಹೊತ್ತಿಗೆ ಚೆಕ್ ಎಂಜಿನ್ ದೀಪವೂ ಹತ್ತಬೇಕು. ಹತ್ತದಿದ್ದರೆ ಆ ದೀಪವೇ ಸುಟ್ಟಿರಬಹುದು ಅಥವಾ ಯಾರೋ ಅದನ್ನು ಬಿಚ್ಚಿರಬಹುದು. ಹಳೇ ಕಾರು ಕೊಳ್ಳುವವರು ಇದನ್ನು ಮರೆಯದೆ ನೋಡಬೇಕು.

ಈ ಪೋರ್ಟ್ ಯಾಕೆ ಬಂತು ಅನ್ನುವುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಓಬಿಡಿ-2, ಅಂದರೆ ಈ ವ್ಯವಸ್ಥೆಯ ಎರಡನೇ ತಲೆಮಾರು, ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ಸಾಕೆಟ್, ಒಂದೊಂದು ಭಾಷೆ. ಎಲ್ಲರಿಗೂ ಒಂದೇ ಸಾಕೆಟ್ ಇರಲಿ ಅಂತ ಸರ್ಕಾರಗಳು ಪಟ್ಟು ಹಿಡಿದದ್ದು ಹೊಗೆಯ ಕಾರಣಕ್ಕೆ. ಕಾರು ಹೊರಗೆ ಬಿಡುವ ಹೊಗೆ ಹದ ತಪ್ಪಿದರೆ ಕಾರೇ ಅದನ್ನು ಹೇಳಬೇಕು ಅನ್ನುವುದು ಉದ್ದೇಶ. ಆದ್ದರಿಂದಲೇ ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ದೀಪ ಹತ್ತುತ್ತದೆ. ಗಾಡಿಯ ಓಟಕ್ಕೆ ಏನೂ ತೊಂದರೆಯಿಲ್ಲ, ಆದರೆ ಪೆಟ್ರೋಲಿನ ಆವಿ ಹೊರಗೆ ಹೋಗುತ್ತಿದೆ. ಇನ್ನೊಂದು ಕಡೆ, ಬ್ರೇಕ್ ಪ್ಯಾಡ್ ಪೂರ್ತಿ ಸವೆದಿದ್ದರೂ ಈ ದೀಪ ಹತ್ತುವುದಿಲ್ಲ. ಅದು ಇದರ ಕೆಲಸವೇ ಅಲ್ಲ.

ಈಗ ಸ್ಕ್ಯಾನರಿನಲ್ಲಿ 'ರೀಡ್ ಕೋಡ್ಸ್' ಒತ್ತಿ. ಒಂದು ಅಕ್ಷರ, ನಾಲ್ಕು ಅಂಕಿ ಬರುತ್ತದೆ. ಉದಾಹರಣೆಗೆ ಪಿ 0301. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್. ಬಿ ಅಂದರೆ ಬಾಡಿ, ಏರ್‌ಬ್ಯಾಗ್‌ನಂಥವು. ಸಿ ಅಂದರೆ ಚಾಸಿ, ಎಬಿಎಸ್‌ನಂಥವು. ಯು ಅಂದರೆ ಕಾರಿನೊಳಗಿನ ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುವ ತಂತಿಗಳ ಸಮಸ್ಯೆ. ಮುಂದಿನ ಅಂಕಿ ಸೊನ್ನೆ ಇದ್ದರೆ ಎಲ್ಲ ಕಂಪನಿಯ ಕಾರುಗಳಿಗೂ ಒಂದೇ ಅರ್ಥ. ಒಂದು ಇದ್ದರೆ ಅದು ಆ ಕಂಪನಿಯ ಸ್ವಂತ ಕೋಡ್. ಅದರ ಅರ್ಥವನ್ನು ಆ ಕಾರಿನ ಸರ್ವೀಸ್ ಪುಸ್ತಕದಲ್ಲೇ ಹುಡುಕಬೇಕು. ಸಣ್ಣ ಸ್ಕ್ಯಾನರುಗಳು ಸಾಮಾನ್ಯವಾಗಿ ಪಿ ಕೋಡುಗಳನ್ನು ಮಾತ್ರ ಓದುತ್ತವೆ. ಏರ್‌ಬ್ಯಾಗ್ ದೀಪ ಹತ್ತಿದಾಗ ಅದರಲ್ಲಿ ಏನೂ ಬರಲಿಲ್ಲ ಅಂದರೆ ಏರ್‌ಬ್ಯಾಗ್ ಸರಿಯಾಗಿದೆ ಅಂತ ಅರ್ಥವಲ್ಲ.

ಕೋಡ್ ಕಂಡ ತಕ್ಷಣ ಮಾಡುವ ಕೆಲಸ ಒಂದೇ. ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಸರಿ. 'ಇರೇಸ್' ಗುಂಡಿ ಪಕ್ಕದಲ್ಲೇ ಇರುತ್ತದೆ, ಬೆರಳು ತುರಿಸುತ್ತದೆ. ದಯವಿಟ್ಟು ಒತ್ತಬೇಡಿ. ಕೋಡಿನ ಜೊತೆ ಕಂಪ್ಯೂಟರ್ ಇನ್ನೊಂದು ಅಮೂಲ್ಯ ವಿಷಯ ಉಳಿಸಿಟ್ಟಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ತೊಂದರೆ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಆರ್‌ಪಿಎಂ ಎಷ್ಟಿತ್ತು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಗಾಡಿ ಯಾವ ವೇಗದಲ್ಲಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅಳಿಸಿದರೆ ಅದೂ ಹೋಯಿತು. ಆಮೇಲೆ ಯಾವ ಮೆಕ್ಯಾನಿಕ್ ಬಂದರೂ ಕತ್ತಲಲ್ಲಿ ತಡಕಾಡಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಬರುತ್ತೇನೆ. ಯಾವ ಪಾರ್ಟ್ ಬದಲಾಯಿಸಬೇಕು?

ಯಾವ ಪಾರ್ಟ್ ಕೆಟ್ಟಿದೆ ಅಂತ ಕೋಡ್ ಖಚಿತವಾಗಿ ಹೇಳುವುದಿಲ್ಲ. ಕಂಪ್ಯೂಟರಿಗೆ ಏನು ಕಂಡಿತೋ ಅದನ್ನಷ್ಟೇ ಹೇಳುತ್ತದೆ. ಮಗು ಹೊಟ್ಟೆ ನೋವು ಅಂತ ಅತ್ತ ಹಾಗೆ. ನೋವು ನಿಜ, ಕಾರಣವನ್ನು ನಾವೇ ಹುಡುಕಬೇಕು. ನಾನು ಇದನ್ನು ಕಲಿತದ್ದು ಒಂದು ತಪ್ಪು ಮಾಡಿ. ಆ ಕಥೆ ಹೇಳಲೇಬೇಕು.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಮೇಷ್ಟ್ರು ಅವರ ಕಾರು ತಂದರು. ಪಿ 0171 ಕೋಡ್ ಇತ್ತು. ಅಂದರೆ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಇದನ್ನು ಅಳೆಯುವುದು ಆಕ್ಸಿಜನ್ ಸೆನ್ಸರ್ ಅಂತ ಓದಿದ್ದೆ. ಅದನ್ನೇ ಬದಲಾಯಿಸಿದೆ. ಕೋಡ್ ಅಳಿಸಿದೆ. ದೀಪ ಆರಿತು. ಮೇಷ್ಟ್ರು ಸಂತೋಷದಿಂದ ಹೋದರು. ನಾಲ್ಕನೇ ದಿನ ಮತ್ತೆ ಬಂದರು, ಅದೇ ದೀಪ, ಅದೇ ಕೋಡ್. ಬೈಯಲಿಲ್ಲ. "ನೋಡಪ್ಪ, ಇನ್ನೊಂದು ಸಲ ನಿಧಾನವಾಗಿ ನೋಡು" ಅಂದರು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಆವತ್ತು. ಪಾಪ, ಆ ಹಳೇ ಸೆನ್ಸರ್ ಸುಳ್ಳು ಹೇಳಿರಲಿಲ್ಲ. ನಿಜ ಹೇಳಿದ್ದನ್ನೇ ಕಿತ್ತು ಹಾಕಿದ್ದೆ.

ಆವತ್ತು ನನಗೆ ಕೆಲಸ ಕಲಿಸಿದ ಹಿರಿಯರು ಪಕ್ಕಕ್ಕೆ ಬಂದು ನಿಂತರು. ಸ್ಕ್ಯಾನರಿನಲ್ಲಿ 'ಲೈವ್ ಡೇಟಾ', ಅಂದರೆ ಸೆನ್ಸರುಗಳ ಆ ಕ್ಷಣದ ಅಂಕಿಗಳನ್ನು ತೋರಿಸುವ ಪುಟ, ತೆರೆಯಿಸಿದರು. ಎಂಜಿನ್ ಬಿಸಿಯಾಗಿ, ಆಕ್ಸಿಲರೇಟರ್ ಮುಟ್ಟದೆ, ಅಂದರೆ ಐಡಲ್‌ನಲ್ಲಿ ಓಡುತ್ತಿತ್ತು. "ಫ್ಯುಯೆಲ್ ಟ್ರಿಮ್ ಎಷ್ಟಿದೆ ಓದು" ಅಂದರು.

ಫ್ಯುಯೆಲ್ ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಕೊಡುತ್ತಿದೆ ಅನ್ನುವ ಶೇಕಡಾವಾರು. ಎರಡು ಇರುತ್ತವೆ. ಶಾರ್ಟ್ ಟರ್ಮ್ ಅನ್ನುವುದು ಕ್ಷಣ ಕ್ಷಣಕ್ಕೂ ಕುಣಿಯುತ್ತದೆ. ಲಾಂಗ್ ಟರ್ಮ್ ಅನ್ನುವುದು ನಿಧಾನವಾಗಿ ಕಲಿತು ಅಭ್ಯಾಸ ಮಾಡಿಕೊಂಡ ತಿದ್ದುಪಡಿ. ಎರಡನ್ನೂ ಕೂಡಿಸಿದರೆ ಸೊನ್ನೆಯ ಆಚೀಚೆ ಹತ್ತರೊಳಗೆ ಇರುವುದು ವಾಸಿ. ಆ ಕಾರಿನಲ್ಲಿ ಲಾಂಗ್ ಟರ್ಮ್ ಪ್ಲಸ್ 18, ಶಾರ್ಟ್ ಟರ್ಮ್ ಪ್ಲಸ್ 6. ಅಂದರೆ ಸುಮಾರು ಕಾಲು ಭಾಗ ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ, ಆದರೂ ಸಾಲುತ್ತಿಲ್ಲ.

"ಈಗ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿ" ಅಂದರು. ಹಿಡಿದೆ. ಎರಡೂ ಸೇರಿ ಪ್ಲಸ್ 5ರ ಹತ್ತಿರಕ್ಕೆ ಇಳಿಯಿತು. ಕಾಲು ಬಿಟ್ಟೆ, ಮತ್ತೆ ಏರಿತು. "ಗೊತ್ತಾಯ್ತಾ?" ಅಂದರು. ಗೊತ್ತಾಗಿರಲಿಲ್ಲ. ಬಿಡಿಸಿ ಹೇಳಿದರು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಆಗ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ಆರ್‌ಪಿಎಂ ಏರಿದಾಗ ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ, ಸೋರಿಕೆಯ ಪಾಲು ಲೆಕ್ಕಕ್ಕಿಲ್ಲದಂತಾಗುತ್ತದೆ.

ಬಾನೆಟ್ ಎತ್ತಿ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರ ಇಟ್ಟು, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಡಿದೆವು. ಬೆರಳು ದಪ್ಪದ ಒಂದು ಪೈಪು. ಮೇಲಿನಿಂದ ನೋಡಿದರೆ ಚೆನ್ನಾಗೇ ಇತ್ತು. ಬಗ್ಗಿಸಿದಾಗ ಅದರ ಹೊಟ್ಟೆಯ ಕಡೆ ಒಂದು ಬಿರುಕು ಬಾಯಿ ತೆರೆಯಿತು. ಕಿವಿ ಹತ್ತಿರ ಕೊಟ್ಟರೆ ಸುಯ್ ಅನ್ನುವ ಸಣ್ಣ ಸದ್ದು. ಹೆಬ್ಬೆರಳಿಂದ ಬಿರುಕು ಮುಚ್ಚಿದೆ. ಸದ್ದು ನಿಂತಿತು. ಹಿರಿಯರು ಸ್ಕ್ಯಾನರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪ್ಲಸ್ 6 ಇದ್ದ ಶಾರ್ಟ್ ಟರ್ಮ್ ಸೊನ್ನೆ ದಾಟಿ ಮೈನಸ್ಸಿಗೆ ಇಳಿಯುತ್ತಿತ್ತು. ಇನ್ನು ಇಷ್ಟು ಪೆಟ್ರೋಲ್ ಬೇಡ ಅಂತ ಕಂಪ್ಯೂಟರ್ ಕೈ ಹಿಂದೆಗೆಯುತ್ತಿತ್ತು. ಗೇಣುದ್ದದ ರಬ್ಬರ್ ಪೈಪು, ಇಷ್ಟೇ ಆಗಿತ್ತು ಸಮಸ್ಯೆ.

ಅವತ್ತಿಂದ ನಾನು ಕೋಡ್ ಓದಿದ ಮೇಲೆ ಲೈವ್ ಡೇಟಾ ನೋಡದೆ ಸ್ಪ್ಯಾನರ್ ಮುಟ್ಟಿಲ್ಲ. ಹೊಸಬರಿಗೂ ಅದನ್ನೇ ಹೇಳುತ್ತೇನೆ. ಕಾರು ಸರಿಯಾಗಿರುವಾಗಲೇ ಸ್ಕ್ಯಾನರ್ ಚುಚ್ಚಿ ಕೂತು ನೋಡಿ. ಆರೋಗ್ಯವಾಗಿದ್ದಾಗ ಅಂಕಿಗಳು ಹೇಗಿರುತ್ತವೆ ಅಂತ ಗೊತ್ತಿದ್ದರೆ ಕೆಟ್ಟಾಗ ಥಟ್ಟನೆ ಕಣ್ಣಿಗೆ ಬೀಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀಲಿ ಆನ್ ಮಾಡಿ. ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟಿನ ಬಿಸಿ ಮತ್ತು ಒಳಗೆ ಬರುವ ಗಾಳಿಯ ಬಿಸಿ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು 25, ಇನ್ನೊಂದು 60 ಅಂತ ತೋರಿಸಿದರೆ ಆ ಎರಡರಲ್ಲಿ ಒಂದು ಸೆನ್ಸರ್ ಅಥವಾ ಅದರ ವೈರಿಂಗ್ ಸರಿಯಿಲ್ಲ. ಸ್ಟಾರ್ಟ್ ಮಾಡಿ ಸ್ವಲ್ಪ ಓಡಿಸಿದ ಮೇಲೆ ಕೂಲಂಟ್ ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗೆ ನಿಲ್ಲುತ್ತದೆ. ಎಷ್ಟು ಓಡಿಸಿದರೂ 70 ದಾಟದಿದ್ದರೆ ಕೂಲಂಟಿನ ಹರಿವನ್ನು ಹತೋಟಿಯಲ್ಲಿಡುವ ಕವಾಟ, ಥರ್ಮೋಸ್ಟಾಟ್, ತೆರೆದೇ ಉಳಿದಿರಬಹುದು. ಬ್ಯಾಟರಿ ವೋಲ್ಟೇಜ್ ಕೂಡ ನೋಡಿ. ನಿಂತಾಗ ಹನ್ನೆರಡೂವರೆ ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ ಸಾಮಾನ್ಯವಾಗಿ ಹದಿಮೂರೂವರೆಯ ಮೇಲೆ. ಬ್ಯಾಟರಿ ಸೊರಗಿದ್ದರೆ ಕಂಪ್ಯೂಟರುಗಳು ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕೋಡುಗಳನ್ನು ತೋರಿಸುತ್ತವೆ. ಅಂಥ ರಾಶಿ ಕೋಡ್ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಬ್ಯಾಟರಿ ಪರೀಕ್ಷೆ ಮಾಡಿ.

ಗಾಡಿ ಓಡಿಸುತ್ತಾ ಅಂಕಿ ನೋಡಬೇಕಾದರೆ ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡಲಿ. ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕು. ಕೇಬಲ್ ಕೂಡ ಪೆಡಲ್ಲಿಗೆ ಸಿಕ್ಕಿಕೊಳ್ಳದ ಹಾಗೆ ಪಕ್ಕಕ್ಕೆ ಸರಿಸಿಡಿ.

ಪಿ 0301 ವಿಷಯ ಹೇಳಿದೆನಲ್ಲ, ಅದು ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಕಿಡಿಗೆ ಕರೆಂಟ್ ಕೊಡುವ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ ಆದರೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಒಂದನೇ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಒಂದರ ಜಾಗಕ್ಕೆ ಹಾಕಿ. ಮೊದಲೇ ಬರೆದುಕೊಂಡಿದ್ದೀರಲ್ಲ, ಈಗ ಕೋಡ್ ಅಳಿಸಿ ಓಡಿಸಿ. ಈ ಸಲ ಪಿ 0302 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಯಿತು ಅಂತ ಅರ್ಥ. ಕಾಯಿಲೇ ಅಪರಾಧಿ. ಮತ್ತೆ 0301 ಬಂದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕು.

ಒಂದು ಎಚ್ಚರಿಕೆ. ದೀಪ ಸುಮ್ನೆ ಹತ್ತಿಕೊಂಡಿದ್ದರೆ, ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ, ನಿಧಾನವಾಗಿ ಮನೆಗೆ ಹೋಗಿ ನೋಡಬಹುದು. ಆದರೆ ದೀಪ ಮಿಟುಕುತ್ತಿದ್ದರೆ ಹಾಗಲ್ಲ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ, ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಿತಿಮೀರಿ ಕಾದು ಹಾಳಾಗುತ್ತದೆ. ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿ, ಜಾಗ ನೋಡಿ ನಿಲ್ಲಿಸಿ. ಆಯಿಲ್ ಪ್ರೆಷರಿನ ಕೆಂಪು ದೀಪ ಹತ್ತಿದರಂತೂ ಸ್ಕ್ಯಾನರ್ ಹುಡುಕುತ್ತಾ ಕೂರಬೇಡಿ, ತಕ್ಷಣ ಎಂಜಿನ್ ಆಫ್ ಮಾಡಿ.

ರಿಪೇರಿ ಆದ ಮೇಲೆ ಕೋಡ್ ಅಳಿಸುವುದು ಸರಿಯೇ. ಅಳಿಸಿದಾಗ ಕಂಪ್ಯೂಟರ್ ತಾನು ಮಾಡಿದ್ದ ತಪಾಸಣೆಗಳನ್ನೂ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಸ್ಕ್ಯಾನರಿನಲ್ಲಿ 'ರೆಡಿನೆಸ್' ಅನ್ನುವ ಪುಟ ತೆರೆದರೆ ಯಾವ ತಪಾಸಣೆ ಮುಗಿದಿದೆ, ಯಾವುದು ಬಾಕಿ ಅಂತ ಕಾಣುತ್ತದೆ. ಎಲ್ಲ ಮುಗಿಯಲು ಕೆಲವು ದಿನಗಳ ಮಾಮೂಲಿ ಓಡಾಟ ಬೇಕಾಗಬಹುದು. ತಣ್ಣಗಿನ ಸ್ಟಾರ್ಟ್, ಸ್ವಲ್ಪ ಟ್ರಾಫಿಕ್, ಸ್ವಲ್ಪ ಹೆದ್ದಾರಿ. ಹಳೇ ಕಾರು ಕೊಳ್ಳಲು ಹೋದಾಗ ಕೋಡ್ ಒಂದೂ ಇಲ್ಲ, ಆದರೆ ತಪಾಸಣೆಗಳೆಲ್ಲ ಬಾಕಿ ಅಂತ ಕಂಡರೆ, ಯಾಕೆ ಅಂತ ಮಾರುವವರನ್ನು ಕೇಳಿ. ಬ್ಯಾಟರಿ ಬಿಚ್ಚಿ ಹಾಕಿದ್ದರೂ ಹಾಗಾಗುತ್ತದೆ. ನಿಮಗೆ ತೋರಿಸುವ ಮುಂಚೆ ಯಾರೋ ಕೋಡ್ ಅಳಿಸಿದ್ದರೂ ಹಾಗಾಗುತ್ತದೆ.

'ಪೆಂಡಿಂಗ್ ಕೋಡ್ಸ್' ಅನ್ನುವ ಪಟ್ಟಿಯನ್ನೂ ನೋಡುತ್ತಿರಿ. ಎಷ್ಟೋ ತೊಂದರೆಗಳನ್ನು ಕಂಪ್ಯೂಟರ್ ಒಂದು ಸಲ ಕಂಡ ತಕ್ಷಣ ದೀಪ ಹತ್ತಿಸುವುದಿಲ್ಲ. ಮೊದಲ ಸಲ ಗುರುತು ಹಾಕಿಕೊಂಡು, ಮುಂದಿನ ಓಟದಲ್ಲೂ ಕಂಡರೆ ಮಾತ್ರ ಹತ್ತಿಸುತ್ತದೆ. ದೀಪ ಆರಿದ್ದರೂ ಪೆಂಡಿಂಗ್ ಪಟ್ಟಿಯಲ್ಲಿ ಅದೇ ಕೋಡ್ ಕೂತಿದ್ದರೆ ರಿಪೇರಿ ಮುಗಿದಿಲ್ಲ ಅಂತಲೇ ಲೆಕ್ಕ.

ಆ ಮೇಷ್ಟ್ರ ಕಾರಿಗೆ ಹೊಸ ಪೈಪು ಹಾಕಿ, ಒಂದು ವಾರ ಬಿಟ್ಟು ತರಲು ಹೇಳಿದ್ದೆ. ತಂದರು. ಸ್ಕ್ಯಾನರ್ ಚುಚ್ಚಿದೆ. ಕೋಡ್ ಇಲ್ಲ, ಪೆಂಡಿಂಗ್ ಇಲ್ಲ, ತಪಾಸಣೆಗಳೆಲ್ಲ ಮುಗಿದಿವೆ. ಐಡಲ್‌ನಲ್ಲಿ ಎರಡೂ ಟ್ರಿಮ್ ಸೇರಿ ಪ್ಲಸ್ 2. ಪರದೆಯನ್ನು ಅವರ ಕಡೆ ತಿರುಗಿಸಿ ಒಂದೊಂದು ಸಾಲಿನ ಅರ್ಥವನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು, ಸೀಟಿನ ಮೇಲೆ ಮುಂದಕ್ಕೆ ಬಾಗಿ, ಪೂರ್ತಿ ಓದಿದರು.

ನಮಸ್ಕಾರ.