ಕಾಲು ಊರಿದ್ರೆ ಒಂದು ಮಾರ್ಕು: 'ಬುಲೆಟ್ ಟ್ರಯಲ್ಸ್'ನಲ್ಲಿ ಆ 'ಟ್ರಯಲ್ಸ್' ಯಾಕಿತ್ತು?

[ತೆರೆಯ ಮೇಲೆ: ಬಂಡೆಗಳ ನಡುವೆ ಹರಿಯೋ ಹಳ್ಳ. ಸೀಟೇ ಇಲ್ಲದ ಒಂದು ಬೈಕು ಆಮೆ ವೇಗದಲ್ಲಿ ಮೇಲೆ ಹತ್ತುತ್ತಿದೆ. ಸಂಗೀತ ಬೇಡ, ಎಂಜಿನ್ ಸದ್ದು ಸಾಕು.]

ನಮಸ್ಕಾರ. ಹೋದ ತಿಂಗಳು ಒಬ್ಬ ವೀಕ್ಷಕರು ಒಂದೇ ಸಾಲಿನ ಪ್ರಶ್ನೆ ಕಳಿಸಿದ್ರು. "ಸಾರ್, 2019ರಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಬುಲೆಟ್ ಟ್ರಯಲ್ಸ್ ಅಂತ ಒಂದು ಗಾಡಿ ಬಿಟ್ಟಿದ್ರಲ್ಲ, ಅದರಲ್ಲಿ ಏನನ್ನ ಟ್ರಯಲ್ ನೋಡ್ಬೇಕಿತ್ತು?"

ಮೊದಲು ನಕ್ಕುಬಿಟ್ಟೆ. ಆಮೇಲೆ ಅನ್ನಿಸ್ತು, ಇದರಲ್ಲಿ ನಗೋಕೇನಿದೆ? ನಮಗೆ ಟ್ರಯಲ್ ಅಂದ್ರೆ ಬಟ್ಟೆ ಅಂಗಡಿಯ ಟ್ರಯಲ್ ರೂಮು, ಷೋರೂಮಿನ ಟ್ರಯಲ್ ರೈಡು, ಇಲ್ಲಾಂದ್ರೆ ಕೋರ್ಟಲ್ಲಿ ಮುಗಿಯದ ಟ್ರಯಲ್ಲು. ಆದ್ರೆ ಟ್ರಯಲ್ಸ್ ಅಂತ ಒಂದು ಆಟ ಇದೆ. ನೂರು ವರ್ಷ ದಾಟಿದ ಮೋಟಾರ್ ಸೈಕಲ್ ಆಟ. ಅಲ್ಲಿ ವೇಗಕ್ಕೆ ಬೆಲೆ ಇಲ್ಲ. ಜಾಸ್ತಿ ಮಾರ್ಕ್ಸ್ ತಗೊಂಡೋನು ಸೋತ. ನಾನು ಎರಡು ವಾರದಿಂದ ಇದರ ಹಿಂದೆ ಬಿದ್ದಿದ್ದೀನಿ, ಮನೇಲಿ ಬೈಸಿಕೊಂಡೂ ಆಗಿದೆ.

ನಿಯಮ ಬೇಗ ಹೇಳ್ಬಿಡ್ತೀನಿ. ಬೆಟ್ಟ, ಹಳ್ಳ, ಬಂಡೆ ಇರೋ ಜಾಗದಲ್ಲಿ ಅಲ್ಲಲ್ಲಿ ಟೇಪ್ ಕಟ್ಟಿ ಚಿಕ್ಕ ಚಿಕ್ಕ ದಾರಿ ಗುರುತು ಮಾಡಿರ್ತಾರೆ. ಒಂದೊಂದಕ್ಕೂ ಸೆಕ್ಷನ್ ಅಂತಾರೆ. ಅಲ್ಲಿ ಒಬ್ಬ ಅಬ್ಸರ್ವರ್ ನಿಂತಿರ್ತಾರೆ. ಕಾಲು ಊರದೆ ದಾಟಿದ್ರೆ ಸೊನ್ನೆ, ಅದಕ್ಕೆ 'ಕ್ಲೀನ್' ಅಂತಾರೆ. ಒಂದು ಸಲ ಊರಿದ್ರೆ ಒಂದು, ಎರಡು ಸಲ ಊರಿದ್ರೆ ಎರಡು. ಮೂರರ ಮೇಲೆ ಎಷ್ಟು ಸಲ ಊರಿದ್ರೂ ಮೂರೇ. ಬಿದ್ರೆ, ಟೇಪ್ ಆಚೆ ಹೋದ್ರೆ ಐದು. ದಿನದ ಕೊನೆಗೆ ಕೂಡಿಸಿ, ಯಾರದ್ದು ಕಡಿಮೆಯೋ ಅವರು ಗೆದ್ರು.

ಇದನ್ನ ಓದ್ತಿದ್ದಾಗ ತಲೇಲಿ ಒಂದು ಗಂಟೆ ಹೊಡೀತು. ಅರೆ, ಇದು ನಮ್ಮ ಸ್ಲೋ ಸೈಕಲ್ ರೇಸ್ ಕಣ್ರೀ!

[ತೆರೆಯ ಮೇಲೆ: ಶಾಲೆ ಮೈದಾನ, ಸುಣ್ಣದ ಗೆರೆ.]

ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಕ್ಷಮಿಸಿ. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಊರಲ್ಲಿ ಸ್ಲೋ ಸೈಕಲ್ ಇಲ್ಲದೆ ಆಟೋಟ ಮುಗೀತಿತ್ತಾ? ಸುಣ್ಣದ ಗೆರೆ ಎಳೆದು ಪಟ್ಟಿ ಮಾಡೋದು, ಪಿ.ಟಿ. ಮೇಷ್ಟ್ರು ವಿಷಲ್ ಊದೋದು, ಕೊನೆಗೆ ತಲುಪಿದವನಿಗೆ ಸ್ಟೀಲ್ ತಟ್ಟೆ. ಕಾಲು ಊರಿದ್ರೆ ಔಟು, ಗೆರೆ ಮೆಟ್ಟಿದ್ರೆ ಔಟು. ನಮ್ಮೂರಲ್ಲಿ ಪ್ರತಿ ವರ್ಷ ಗೆಲ್ತಿದ್ದಿದ್ದು ಪೇಟೆಯಿಂದ ಗೇರ್ ಸೈಕಲ್ ತಂದ ಹುಡುಗರಲ್ಲ, ಹಾಲು ಹಾಕೋ ಒಬ್ಬ ಅಣ್ಣ. ಅಟ್ಲಾಸ್ ಸೈಕಲ್ಲು, ಬಲಗಡೆ ಬ್ರೇಕ್ ಕಟ್ಟೆ ಸವೆದುಹೋಗಿತ್ತು. ಆದ್ರೆ ಆ ಮನುಷ್ಯ ವರ್ಷವಿಡೀ ಎರಡೂ ಕಡೆ ಕ್ಯಾನ್ ತೂಗಿಹಾಕಿಕೊಂಡು ಗದ್ದೆ ಬದುವಿನ ಮೇಲೆ ಬರ್ತಿದ್ದ. ಪೆಡಲ್ ಮೇಲೆ ಎದ್ದು ನಿಂತು, ಹ್ಯಾಂಡಲ್ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ನಡುಗಿಸ್ತಾ, ಕೊನೆಗೆ ಪೂರ್ತಿ ನಿಂತೇಬಿಡ್ತಿದ್ದ. ಸೈಕಲ್ ಅಲುಗಾಡ್ತಿಲ್ಲ, ಬೀಳ್ತಾನೂ ಇಲ್ಲ. ಆಗ ಪಕ್ಕದ ಪಟ್ಟಿಯವರ ಗಲಾಟೆ ಶುರು: "ಮೇಷ್ಟ್ರೇ, ಇದು ಸ್ಲೋ ಸೈಕಲ್ ರೇಸು, ನಿಂತ ಸೈಕಲ್ ರೇಸಲ್ಲ!"

ಈ ಜಗಳವನ್ನ ನೆನಪಿಟ್ಟುಕೊಳ್ಳಿ. ಜಗತ್ತಿನ ಮೋಟಾರ್ ಸೈಕಲ್ ಒಕ್ಕೂಟ, ಎಫ್‌ಐಎಂ, ಇದೇ ಜಗಳವನ್ನ ವರ್ಷಗಟ್ಟಲೆ ಆಡಿದೆ.

ಈಗ ಬುಲೆಟ್‌ಗೆ ಬರೋಣ. 1948ರಲ್ಲಿ ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ ಹೊಸ ಬುಲೆಟ್‌ನ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್, ಶಾಕ್ ಅಬ್ಸಾರ್ಬರ್ ಕೊಟ್ಟು ಟ್ರಯಲ್ಸ್ ಕಣಕ್ಕೆ ಇಳಿಸ್ತು. ಇವತ್ತು ಇದೇನು ದೊಡ್ಡ ವಿಷಯ ಅನ್ಸುತ್ತೆ. ಆಗಿನ ಪಂಡಿತರು ತಲೆ ಅಲ್ಲಾಡಿಸಿದ್ರು. ಅವರ ನಂಬಿಕೆ ಏನು ಗೊತ್ತಾ? ಹಿಂದಿನ ಚಕ್ರ ಫ್ರೇಮಿಗೆ ಗಟ್ಟಿಯಾಗಿ ಕೂತಿದ್ರೇನೇ ಕೆಸರಲ್ಲಿ ಹಿಡಿತ ಸಿಗೋದು, ಕುಣಿಯೋ ಚಕ್ರಕ್ಕೆ ನೆಲ ಎಲ್ಲಿ ಸಿಗುತ್ತೆ ಅಂತ. ಆಮೇಲೆ 1952ರಲ್ಲಿ ಜಾನಿ ಬ್ರಿಟನ್ ಅನ್ನೋ ಸವಾರ 350 ಸಿಸಿ ಬುಲೆಟ್ ಹತ್ತಿ, ಸ್ಕಾಟ್ಲೆಂಡಿನಲ್ಲಿ ಆರು ದಿನ ನಡೆಯೋ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದ. 1957ರಲ್ಲಿ ಇನ್ನೊಂದು ಸಲ. ಪಂಡಿತರು ಸದ್ದಿಲ್ಲದೆ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡ್ರು ಅಂತ ನನ್ನ ಊಹೆ. 2019ರ ಬುಲೆಟ್ ಟ್ರಯಲ್ಸ್ ಆ ಗೆಲುವಿನ ನೆನಪಿಗೆ ಮಾಡಿದ ಗಾಡಿ. ಒಂಟಿ ಸೀಟು, ಮೇಲಕ್ಕೆ ಎತ್ತಿದ ಸೈಲೆನ್ಸರ್, ಬಣ್ಣ ಹೊಡೆದ ಫ್ರೇಮು. ಪ್ರಶ್ನೆ ಕೇಳಿದವರಿಗೆ ಉತ್ತರ ಇಷ್ಟೇ. ವಿಡಿಯೋ ಇಲ್ಲಿಗೆ ಮುಗೀಬೇಕಿತ್ತು.

ಮುಗೀಲಿಲ್ಲ, ಯಾಕಂದ್ರೆ ನಾನು ತೂಕ ನೋಡಿದೆ. ಬುಲೆಟ್ ಟ್ರಯಲ್ಸ್ 350ರ ತೂಕ 187 ಕಿಲೋ. ಇವತ್ತು ನಿಜವಾದ ಟ್ರಯಲ್ಸ್ ಬೈಕು ಸುಮಾರು 70 ಕಿಲೋ. ಎರಡೂವರೆ ಟ್ರಯಲ್ಸ್ ಬೈಕು ಸೇರಿದ್ರೆ ಒಂದು ಬುಲೆಟ್ಟು! ಇವತ್ತು ಈ ಆಟಕ್ಕೆ ಹೊಸ ಹುಡುಗರು ಬರ್ತಿಲ್ಲ, ಊರೂರಲ್ಲಿ ಆಟ ಬಡಕಲಾಗಿದೆ. ಅದರ ಹಿಂದೆ ಈ ತೂಕದ ಕಥೆನೇ ಇದೆ ಅನ್ನೋದು ನನ್ನ ವಾದ.

[ತೆರೆಯ ಮೇಲೆ: ಎರಡು ಹಳೇ ಫೋಟೋ, ಅಕ್ಕಪಕ್ಕ.]

ಎಡಗಡೆ ಇರೋದು ಏರಿಯಲ್ ಎಚ್‌ಟಿ5. 500 ಸಿಸಿ, ಫೋರ್ ಸ್ಟ್ರೋಕ್, ಬ್ರಿಟಿಷ್ ಗಾಡಿ. ಬೆಲ್‌ಫಾಸ್ಟ್‌ನ ಸ್ಯಾಮಿ ಮಿಲ್ಲರ್ ಅನ್ನೋ ಸವಾರ ಇದನ್ನ ಉಜ್ಜಿ, ಕೊರೆದು, ಸುಮಾರು 110 ಕಿಲೋಗೆ ಇಳಿಸಿದ್ದ. ಅದರಲ್ಲಿ ಎಲ್ಲಾ ಗೆದ್ದ. 1964ರ ಕೊನೆಗೆ ಆತ ಅದನ್ನ ಬಿಟ್ಟು ಬಾರ್ಸಿಲೋನಾದ ಬುಲ್ಟಾಕೊ ಕಂಪನಿಗೆ ಹೋದ. ಬುಲ್ಟಾಕೊ ಅನ್ನೋ ಹೆಸರು ಹೇಗೆ ಬಂತು ಅಂದ್ರೆ, ಮಾಲೀಕರ ಮನೆತನ ಬುಲ್ಟೊ, ಕರೆಯೋ ಹೆಸರು ಪಾಕೊ, ಎರಡನ್ನೂ ಸೇರಿಸಿ ಹೊಸೆದಿದ್ದು. ಅಲ್ಲಿ ಹುಟ್ಟಿದ ಶೆರ್ಪಾ ಟಿ ಬಲಗಡೆ ಇದೆ. 244 ಸಿಸಿ, ಟೂ ಸ್ಟ್ರೋಕ್. 1965ರಲ್ಲಿ ಮಿಲ್ಲರ್ ಅದರಲ್ಲೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದ. ಬ್ರಿಟನ್ನಿನ ಹೊರಗಿನ ಗಾಡಿ ಅಲ್ಲಿ ಗೆದ್ದಿದ್ದು ಅದೇ ಮೊದಲು. ಬ್ರಿಟಿಷ್ ಟ್ರಯಲ್ಸ್ ಬೈಕುಗಳ ಕಾಲ ಅಲ್ಲಿಗೆ ಮುಗೀತು ಅಂತಲೇ ಹೇಳಬಹುದು.

ಆದ್ರೂ ಆ ಶೆರ್ಪಾಗೆ ಸೀಟಿತ್ತು. 70ರ ದಶಕದಲ್ಲಿ ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ನಾಲ್ವರೂ ಟ್ರಯಲ್ಸ್ ಬೈಕ್ ಮಾಡಿದ್ರು, ಅವಕ್ಕೂ ಸೀಟಿತ್ತು. ಹುಡುಗ ಅದರಲ್ಲೇ ಕೂತು ಭಾನುವಾರ ಟ್ರಯಲ್‌ಗೆ ಹೋಗಿ, ಆಡಿ, ಅದರಲ್ಲೇ ಮನೆಗೆ ಬರಬಹುದಿತ್ತು. ಆಮೇಲೆ ಬೈಕು ಹಗುರ ಆಯ್ತು. ಹಗುರ ಆದ ತಕ್ಷಣ ಎಲ್ಲರೂ ಸೆಕ್ಷನ್‌ಗಳನ್ನ ಕ್ಲೀನ್ ಮಾಡೋಕೆ ಶುರು ಮಾಡಿದ್ರು. ಎಲ್ಲರಿಗೂ ಸೊನ್ನೆ ಬಂದ್ರೆ ಗೆದ್ದೋರು ಯಾರು? ಸೆಕ್ಷನ್ ಕಷ್ಟ ಮಾಡಿದ್ರು. ಕಷ್ಟ ಆಯ್ತು ಅಂತ ಕಂಪನಿಗಳು ಇನ್ನೂ ಒಳ್ಳೆ ಬೈಕ್ ಮಾಡಿದ್ವು. ಸೀಟ್ ತೆಳ್ಳಗಾಯ್ತು, ಇಲ್ಲವಾಯ್ತು. ಪೆಟ್ರೋಲ್ ಟ್ಯಾಂಕ್ ಎರಡು ಮೂರು ಲೀಟರಿಗೆ ಬಂತು. ಬಂಡೆ ಆಳೆತ್ತರ ಆಯ್ತು. ಈ ಹಾವು ಏಣಿ ಆಟದಲ್ಲಿ ಏಣಿ ಸಿಕ್ಕಿದ್ದು ಚಾಂಪಿಯನ್ನರಿಗೆ, ಹಾವು ಸಿಕ್ಕಿದ್ದು ಭಾನುವಾರದ ಹುಡುಗನಿಗೆ. ಅವನು ಈಗ ಬೈಕನ್ನ ವ್ಯಾನಲ್ಲಿ ಹೊತ್ಕೊಂಡು ಹೋಗ್ಬೇಕು. ಆ ಬೈಕಲ್ಲಿ ಹಾಲು ತರೋಕೂ ಆಗಲ್ಲ, ಕಾಲೇಜಿಗೂ ಹೋಗೋಕಾಗಲ್ಲ. ಆಟ ಬಡಕಲಾಗೋಕೆ ಮಿಕ್ಕ ಕಾರಣಗಳೆಲ್ಲ ಇದರ ಆಮೇಲಿನವು.

ಅಂಥ ಬೈಕು ಒಳಗೆ ಹೇಗಿರುತ್ತೆ? ನನಗೆ ಹುಚ್ಚು ಹಿಡಿಸಿದ್ದು ಟೈರಿನ ಗಾಳಿ. ಕಾರಿಗೆ 32 ಪಿಎಸ್‌ಐ ಹಾಕಿಸ್ತೀವಿ. ಬೈಕಿನ ಹಿಂದಿನ ಚಕ್ರಕ್ಕೆ 28, 30. ಟ್ರಯಲ್ಸ್ ಬೈಕಿನ ಹಿಂದಿನ ಚಕ್ರಕ್ಕೆ ನಾಲ್ಕು, ನಾಲ್ಕೂವರೆ! ಓದಿ ನಂಬಿಕೆ ಬರ್ಲಿಲ್ಲ. ಮನೇಲಿದ್ದ ಹಳೇ 100 ಸಿಸಿ ಬೈಕ್ ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದೆ. "ಅಣ್ಣ, ಹಿಂದಕ್ಕೆ ನಾಲ್ಕು ಇಡಿ."

"ನಲವತ್ತಾ?"

"ನಾಲ್ಕು."

ಅವರು ನನ್ನನ್ನೊಂದು ಸಲ, ಚಕ್ರವನ್ನೊಂದು ಸಲ ನೋಡಿದ್ರು. "ಸಾರ್, ಅದಕ್ಕೆ ಗಾಳಿ ಅನ್ನಲ್ಲ. ಪಂಚರ್ ಅಂತಾರೆ."

ಆದ್ರೂ ಪಿನ್ ಒತ್ತಿ ಬಿಟ್ಟರು. ಅಂಗಡಿ ಮುಂದಿನ ಚರಂಡಿ ಕಲ್ಲಿನ ಮೇಲೆ ಚಕ್ರ ಇಟ್ಟು, ನಾನು ಮೇಲೆ ಕೂತೆ. ಟೈರು ಕಲ್ಲಿನ ಅಂಚಿಗೆ ಮಡಚಿಕೊಂಡು, ಅದರ ಉಬ್ಬು ತಗ್ಗಿಗೆಲ್ಲ ಅಂಟಿಕೊಂಡು ಕೂತುಬಿಡ್ತು. ಪಾಚಿ ಕಟ್ಟಿದ ಬಂಡೆ ಮೇಲೆ ಚಪ್ಪಲಿ ಬಿಚ್ಚಿ ನಡೀತೀವಲ್ಲ, ಹೆಬ್ಬೆರಳು ತಾನಾಗೇ ಕಲ್ಲು ಹಿಡಿಯುತ್ತೆ. ಹಾಗೆ. ನೀವು ದಯವಿಟ್ಟು ಇದನ್ನ ರಸ್ತೇಲಿ ಮಾಡಬೇಡಿ. ಟ್ಯೂಬ್ ಜಾರಿ ವಾಲ್ವ್ ಕಿತ್ತು ಹೋಗುತ್ತೆ. ಟ್ರಯಲ್ಸ್‌ನ ಹಿಂದಿನ ಟೈರು ಮೆತ್ತಗಿನ ಟ್ಯೂಬ್‌ಲೆಸ್ಸು, ಅದಕ್ಕೆ ಅಂತಲೇ ಮಾಡಿದ್ದು.

ಇನ್ನೊಂದು ಗುಟ್ಟು ಎಂಜಿನ್ನಿನೊಳಗಿನ ಫ್ಲೈವೀಲ್. ರಾಗಿ ಕಲ್ಲು ನೆನಪಿದ್ಯಾ? ಒಂದು ಸಲ ತಿರುಗೋಕೆ ಶುರುವಾದ್ರೆ ಕೈ ಬಿಟ್ರೂ ಒಂದು ಸುತ್ತು ಹಾಗೇ ಬರುತ್ತೆ. ಎಂಜಿನ್ ಆರೋ ಹಂತದ ನಿಧಾನದಲ್ಲೂ ಆರದೆ ಎಳೆಯೋದು ಈ ಭಾರದಿಂದ.

ಬೈಕ್ ಆಯ್ಕೆ ಬಗ್ಗೆ ಕೇಳೋರಿದ್ದಾರೆ, ಅದರಲ್ಲೂ ಯುರೋಪಿನಲ್ಲಿರೋ ನಮ್ಮ ಕನ್ನಡದವರು. ಮೊಂಟೇಸಾ, ಬೀಟಾ, ಶೆರ್ಕೊ, ಗ್ಯಾಸ್‌ಗ್ಯಾಸ್, ಟಿಆರ್‌ಎಸ್, ವರ್ಟಿಗೋ, ಹೆಸರಿಗೇನೂ ಕೊರತೆ ಇಲ್ಲ. ಹೊಸಬರು ಮಾಡೋ ಒಂದೇ ತಪ್ಪು, ಟೋನಿ ಬೌ ಓಡಿಸೋ ಥರದ 300 ಸಿಸಿ ತಗೊಳ್ಳೋದು. ಟೋನಿ ಬೌ ಯಾರು ಅಂದ್ರೆ, 2007ರಿಂದ 2024ರವರೆಗೆ ಹೊರಾಂಗಣದ 18, ಒಳಾಂಗಣದ 18, ಒಟ್ಟು 36 ವಿಶ್ವ ಪಟ್ಟ. ಒಂದು ವರ್ಷವೂ ಬಿಟ್ಟಿಲ್ಲ. ಕೋಹ್ಲಿ 18 ವರ್ಷ ಔಟೇ ಆಗದೆ ಆಡಿದ್ದಾರೆ ಅಂದ್ಕೊಳ್ಳಿ. ಆತನಿಗೆ ಬೇಕಾದ ಎಳೆತ ನಿಮಗೆ ಬೇಡ. ಕೈ ಸ್ವಲ್ಪ ತಿರುಗಿದ್ರೆ 300 ನಿಮ್ಮನ್ನ ಬಿಟ್ಟು ತಾನೊಬ್ಬನೇ ಬೆಟ್ಟ ಹತ್ತುತ್ತೆ. 250 ಸಾಕು, ಹಗುರ ಮೈಯವರಿಗೆ 125 ಸಾಕು. ಸೆಕೆಂಡ್ ಹ್ಯಾಂಡ್ ನೋಡೋವಾಗ ಬಣ್ಣ ನೋಡ್ಬೇಡಿ, ಬಗ್ಗಿ ಎಂಜಿನ್ ಕೆಳಗಿನ ತಗಡು ನೋಡಿ. ಅದು ಎಷ್ಟು ಜಜ್ಜಿದ್ಯೋ ಅಷ್ಟು ಬಂಡೆ ಕಂಡಿದೆ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ, ಲೊಟಲೊಟ ಅಂದ್ರೆ ಬೇರಿಂಗ್ ಹೋಗಿದೆ. ಗೇರಲ್ಲಿಟ್ಟು ಕ್ಲಚ್ ಹಿಡಿದಾಗ ಗಾಡಿ ತೆವಳಿದ್ರೆ ದುಡ್ಡು ಕಡಿಮೆ ಮಾಡಿಸಿ. ಮಕ್ಕಳಿಗೆ ಓಸೆಟ್ ಅಂತ ಶುರುವಾದ ಎಲೆಕ್ಟ್ರಿಕ್ ಬೈಕು. ಅಪ್ಪ ಒಬ್ಬರು ತಮ್ಮ ಮಗನಿಗೋಸ್ಕರ ಶುರು ಮಾಡಿದ ಕಂಪನಿ, 2022ರಲ್ಲಿ ಟ್ರಯಂಫ್‌ನವರು ಕೊಂಡ್ರು.

ಇಲ್ಲಿರೋರಿಗೆ? ಪೇಟೆಯಲ್ಲಿ ಹೋಗಿ ಕೇಳಿದ್ರೆ ಟ್ರಯಲ್ಸ್ ಬೈಕ್ ಸಿಗಲ್ಲ. ಬೇಜಾರಾಗ್ಬೇಡಿ. ಏಳು ಸಲ ವಿಶ್ವ ಚಾಂಪಿಯನ್ ಆದ ಜೋರ್ಡಿ ಟಾರ್ರೆಸ್ ಸೈಕಲ್ ಟ್ರಯಲ್ಸ್‌ನಿಂದ ಬಂದವರು. ಹಾಲಿನ ಅಣ್ಣನ ದಾರಿಯೇ.

[ಎಡಿಟರ್ ಕ್ಯಾಮೆರಾ ಪಕ್ಕದಲ್ಲಿ ಗಡಿಯಾರ ತೋರಿಸ್ತಿದ್ದಾರೆ. ಇದನ್ನ ಕತ್ತರಿಸಬೇಡಿ, ಇರ್ಲಿ.]

ಆಯ್ತು ಆಯ್ತು. ಆಟ ಬಡಕಲಾದ ಉಳಿದ ಕಾರಣಗಳನ್ನ ಒಂದೇ ಉಸಿರಲ್ಲಿ ಹೇಳ್ತೀನಿ. ಜಾಗ: ಬಾರ್ಸಿಲೋನಾ ಇರೋ ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ 1995ರಲ್ಲಿ ಕಾಡುಮೇಡಿಗೆ ವಾಹನ ನುಗ್ಗಿಸೋದಕ್ಕೆ ಕಡಿವಾಣ ಹಾಕೋ ಕಾಯ್ದೆ ಬಂತು. ಬುಲ್ಟಾಕೊದ ತವರಲ್ಲೇ ಬೆಟ್ಟಕ್ಕೆ ಬೇಲಿ ಬಿತ್ತು. ನಾನು ಬೈಕ್ ಪ್ರೇಮಿ ಆದ್ರೂ ಹೇಳ್ತೀನಿ, ಕಾಯ್ದೆ ತಪ್ಪಲ್ಲ. ದುಡ್ಡು: ಹೊಸ ಬೈಕಿಗೆ ಏಳೆಂಟು ಸಾವಿರ ಯೂರೋ ಆಸುಪಾಸು, ಮೇಲೆ ವ್ಯಾನು. ಅಬ್ಸರ್ವರ್: ದಿನವಿಡೀ ಮಳೇಲಿ ನಿಂತು ಬೇರೆಯವರ ಕಾಲು ಎಣಿಸೋ ಸ್ವಯಂಸೇವಕರು ಸಿಗಬೇಕಲ್ಲ! ಟೀವಿಗೂ ಒಗ್ಗಲ್ಲ, ಯಾರು ಮುಂದಿದ್ದಾರೆ ಅಂತ ನೋಡಿದ್ರೆ ಗೊತ್ತೇ ಆಗಲ್ಲ.

ಹಾಗಂತ ಆಟ ಸತ್ತಿಲ್ಲ. ಸ್ಕಾಟಿಷ್ ಸಿಕ್ಸ್ ಡೇಸ್‌ನ ಬೇರು 1909ಕ್ಕೆ ಹೋಗುತ್ತೆ. ಮೇ ತಿಂಗಳಲ್ಲಿ ಫೋರ್ಟ್ ವಿಲಿಯಂ ಊರಲ್ಲಿ ನಡೆಯುತ್ತೆ, ದಿನಕ್ಕೆ 30 ಸೆಕ್ಷನ್ನು. 250ಕ್ಕೂ ಹೆಚ್ಚು ಸವಾರರಿಗೆ ಜಾಗ ಇದ್ರೂ ಅರ್ಜಿ ಅದಕ್ಕಿಂತ ಜಾಸ್ತಿ ಬಂದು ಚೀಟಿ ಎತ್ತಬೇಕು. ಅದಕ್ಕೆ ಮುಂಚೆ ಪಕ್ಕದ ಕಿನ್‌ಲಾಕ್‌ಲೆವೆನ್‌ನಲ್ಲಿ 1965ಕ್ಕಿಂತ ಹಳೇ ಗಾಡಿಗಳಿಗೇ ಬೇರೆ ಟ್ರಯಲ್ಲು. ಅಲ್ಲಿ ತಲೆ ನೆರೆತವರೇ ಹೆಚ್ಚು, ಏರಿಯಲ್, ಬುಲೆಟ್ ಎಲ್ಲಾ ಮತ್ತೆ ಹಳ್ಳಕ್ಕೆ ಇಳಿಯುತ್ತೆ. ತೊಂದರೆ ಇರೋದು ಊರೂರಿನ ಭಾನುವಾರದ ಕ್ಲಬ್ಬುಗಳಲ್ಲಿ. ಅಲ್ಲಿ ಆಡೋರ ವಯಸ್ಸು ಮೇಲೆ ಹೋಗ್ತಿದೆ, ಹಿಂದಿಂದ ಹುಡುಗರು ಬರ್ತಿಲ್ಲ.

ಇನ್ನು ಆ 'ನಿಂತ ಸೈಕಲ್' ಜಗಳ. ಸೆಕ್ಷನ್ ಮಧ್ಯೆ ಬೈಕ್ ನಿಲ್ಲಿಸಿ, ಚಕ್ರ ಕುಪ್ಪಳಿಸಿ, ದಾರಿ ಸರಿ ಮಾಡ್ಕೊಂಡು ಮುಂದೆ ಹೋಗಬಹುದಾ? ಒಪ್ಪಿದ್ರೆ ಸೆಕ್ಷನ್ ಇನ್ನೂ ಭಯಂಕರ ಮಾಡ್ಬೇಕು, ಹೊಸಬ ಹತ್ತಿರ ಸುಳಿಯಲ್ಲ. ಬೇಡ ಅಂದ್ರೆ, ಚಕ್ರ ನಿಂತಿತ್ತಾ ಇಲ್ವಾ ಅಂತ ಅಬ್ಸರ್ವರ್ ಜೊತೆ ವಾದ. 2013ರಲ್ಲಿ ಎಫ್‌ಐಎಂ ಹೊರಾಂಗಣದಲ್ಲಿ 'ನಿಲ್ಲೋ ಹಾಗಿಲ್ಲ, ನಿಂತ್ರೆ ಐದು' ಅನ್ನೋ ಹಳೇ ನಿಯಮವನ್ನ ವಾಪಸ್ ತಂತು. ವಾದ ನಿಂತಿಲ್ಲ.

ನಮ್ಮ ಪಿ.ಟಿ. ಮೇಷ್ಟ್ರು ಮಾತ್ರ ಹಾಲಿನ ಅಣ್ಣನ ಪರ ತೀರ್ಪು ಕೊಟ್ಟಿದ್ರು. ನಿಂತದ್ದಕ್ಕೆ ಶಿಕ್ಷೆ ಇಲ್ಲ, ಕಾಲು ಊರಿದ್ದಕ್ಕೆ ಮಾತ್ರ. ನಿಮ್ಮೂರ ಸ್ಲೋ ಸೈಕಲ್‌ನಲ್ಲಿ ಏನು ನಿಯಮ ಇತ್ತು, ಊರ ಹೆಸರು ಸಮೇತ ಬರೆದು ಕಳಿಸಿ. ನಾನು ಪಂಚರ್ ಅಂಗಡಿಗೆ ಹೋಗಿ 28 ಹಾಕಿಸ್ಕೊಂಡು ಬರ್ತೀನಿ. ಎರಡು ದಿನದಿಂದ ಆ ಅಣ್ಣ ನನ್ನನ್ನ ಕಂಡಾಗೆಲ್ಲ ನಾಲ್ಕು ಬೆರಳು ತೋರಿಸಿ ನಗ್ತಿದ್ದಾರೆ.

[ತೆರೆಯ ಮೇಲೆ: ಚರಂಡಿ ಕಲ್ಲಿಗೆ ಅಂಟಿ ಕೂತ ಟೈರು. ಕತ್ತಲು.]