ಡ್ರಾಕುಲಾ ಲಂಡನ್ನಿಗೆ ಬಂದ, ಚರ್ಚಿನಿಂದ ಮಾತ್ರ ಹೊರಗೆ ಬರಲಿಲ್ಲ

ಸ್ಮಶಾನ. ರಕ್ತಪಿಶಾಚಿಗಳ ಬೇಟೆಗಾರ ವ್ಯಾನ್ ಹೆಲ್ಸಿಂಗ್‌ನನ್ನು ಮಣ್ಣು ಮಾಡ್ತಾ ಇದ್ದಾರೆ. ಇಸವಿ 1872. ಓಡೋ ಕುದುರೆಗಾಡಿ ಮೇಲೆ ಹೊಡೆದಾಡಿ, ಮುರಿದ ಚಕ್ರದ ಮೊನೆ ಎದೆಗೆ ನಾಟಿ ಡ್ರಾಕುಲಾ ಬೂದಿಯಾಗಿದ್ದಾನೆ. ಅವನನ್ನು ಕೊಂದವನೂ ಉಳಿದಿಲ್ಲ. ಕ್ಯಾಮೆರಾ ನಿಧಾನವಾಗಿ ಆಕಾಶದ ಕಡೆ ಏಳುತ್ತೆ. ಅಷ್ಟರಲ್ಲಿ ಕಿವಿಗಡಚಿಕ್ಕೋ ಸದ್ದು. ಜೆಟ್ ವಿಮಾನವೊಂದು ತಲೆ ಮೇಲೆ ಹಾದುಹೋಗುತ್ತೆ. ನೂರು ವರ್ಷ ಮುಗೀತು.

ಇದು ಹಾರರ್ ಸಿನಿಮಾಗಳಿಗೆ ಹೆಸರಾದ ಬ್ರಿಟನ್ನಿನ ಹ್ಯಾಮರ್ ಕಂಪನಿಯ 'ಡ್ರಾಕುಲಾ ಎ.ಡಿ. 1972'. ನಿರ್ದೇಶಕ ಅಲನ್ ಗಿಬ್ಸನ್. ಈ ಒಂದು ಜಿಗಿತಕ್ಕೋಸ್ಕರವೇ ನಾನು ಈ ಸಿನಿಮಾನ ಮತ್ತೆ ಮತ್ತೆ ನೋಡ್ತೀನಿ. ಆದರೆ ಹಾರರ್ ಪ್ರಿಯರ ಮುಂದೆ ಇದರ ಹೆಸರೆತ್ತಿದರೆ ಸಾಕು, ಒಂದೇ ದೂರು: ಕೋಟೆ ಇಲ್ಲ, ಮಂಜು ಕವಿದ ಕಾಡುದಾರಿ ಇಲ್ಲ, ಡ್ರಾಕುಲಾನನ್ನು ಈ ಕಾಲಕ್ಕೆ ಎಳೆದು ತಂದು ಕೆಡಿಸಿದರು ಅಂತ.

ಈ ದೂರು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಬ್ರಾಮ್ ಸ್ಟೋಕರ್ ಕಾದಂಬರಿ ಬಂದದ್ದು 1897ರಲ್ಲಿ. ಅದು ಹಳೇ ಕಾಲದ ಕಥೆ ಅನ್ನಿಸೋದು ನಮಗೆ. ಅವತ್ತಿನ ಓದುಗರಿಗೆ ಅದು ಅವರದೇ ಕಾಲ. ಅದರಲ್ಲಿ ಡಾಕ್ಟರು ದಿನಚರಿ ಬರೆಯಲ್ಲ, ಫೋನೋಗ್ರಾಫ್ ಅನ್ನೋ ದನಿ ಹಿಡಿಯೋ ಯಂತ್ರದಲ್ಲಿ ರೆಕಾರ್ಡ್ ಮಾಡ್ತಾನೆ. ಮೀನಾ ಟೈಪ್‌ರೈಟರ್ ಮುಂದೆ ಕೂತು ಎಲ್ಲರ ದಾಖಲೆಗಳನ್ನೂ ಟೈಪ್ ಮಾಡ್ತಾಳೆ. ಡ್ರಾಕುಲಾ ರಕ್ತ ಹೀರಿದ ಅವಳ ಗೆಳತಿ ಲೂಸಿಗೆ ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಗಂಡಸರ ರಕ್ತ ಕೊಡ್ತಾರೆ. ರಕ್ತದ ಗುಂಪುಗಳು ಪತ್ತೆಯಾಗಿದ್ದು 1901ರಲ್ಲಿ, ಇನ್ನೂ ನಾಲ್ಕು ವರ್ಷ ಬಿಟ್ಟು! ಅಷ್ಟು ಹೊಸ ಸಂಗತಿಗಳನ್ನು ಸ್ಟೋಕರ್ ಕಥೆಯೊಳಗೆ ತಂದಿದ್ದ.

ಇನ್ನು ಡ್ರಾಕುಲಾ ಲಂಡನ್ನಿಗೆ ಬರೋದು ಹೇಗೆ? ವಕೀಲರ ಮೂಲಕ ಆಸ್ತಿ ಕೊಂಡು. ಕಥೆ ಶುರುವಾಗೋದೇ ಯುವ ವಕೀಲ ಜೊನಾಥನ್ ಹಾರ್ಕರ್ ಜಾಗದ ಕಾಗದಪತ್ರ ಹಿಡ್ಕೊಂಡು ಟ್ರಾನ್ಸಿಲ್ವೇನಿಯಾಗೆ ಹೋಗೋದರಿಂದ. ಆ ಕೋಟೆಯ ಲೈಬ್ರರಿಯಲ್ಲಿ ಅವನ ಕಣ್ಣಿಗೆ ಬೀಳೋದು ಮಾಟಮಂತ್ರದ ಪುಸ್ತಕಗಳಲ್ಲ, ಲಂಡನ್ ಡೈರೆಕ್ಟರಿ ಮತ್ತು ವಕೀಲರ ಪಟ್ಟಿ. ಲಂಡನ್ ಬೀದಿಯಲ್ಲಿ ಯಾರೂ ತನ್ನನ್ನು ಪರದೇಶಿ ಅಂತ ಗುರುತಿಸಬಾರದು, ಆ ಮಟ್ಟಿಗೆ ಇಂಗ್ಲಿಷ್ ಕಲೀಬೇಕು ಅನ್ನೋದು ಡ್ರಾಕುಲಾನ ಆಸೆ. ಜನಜಂಗುಳಿಯಲ್ಲಿ ಬೆರೆತುಹೋಗಬೇಕು ಅಂತಿದ್ದವನು ಅವನು. ಅವನನ್ನು ಹಳೇ ಕಾಲದಲ್ಲಿ ಕೂರಿಸಿದವರು ಆಮೇಲೆ ಬಂದ ಸಿನಿಮಾದವರು. ಟೆರೆನ್ಸ್ ಫಿಶರ್ 1958ರಲ್ಲಿ ಮಾಡಿದ ಹ್ಯಾಮರ್‌ನ ಮೊದಲ 'ಡ್ರಾಕುಲಾ' ಎಷ್ಟು ಚೆಂದ ಇತ್ತು ಅಂದರೆ, ಆ ಮೇಣದಬತ್ತಿಯ ಬೆಳಕೇ ಅವನ ಹುಟ್ಟೂರು ಅಂತ ನಾವೆಲ್ಲ ನಂಬಿಬಿಟ್ವಿ.

ಹಾಗಿದ್ರೆ 1972ರ ಸಿನಿಮಾ ಎಡವಿದ್ದೆಲ್ಲಿ? ಲಂಡನ್ನಿನ ಚೆಲ್ಸಿಯ ಹುಡುಗ ಹುಡುಗಿಯರು, ಪಾರ್ಟಿ, ಕಾಫಿ ಬಾರ್, ಕಿಂಗ್ಸ್ ರೋಡ್ ಎಲ್ಲ ಇದೆ. ಜಾನಿ ಅಲುಕಾರ್ಡ್ ಅನ್ನೋ ಹುಡುಗ ಪಾಳುಬಿದ್ದ ಚರ್ಚಿನಲ್ಲಿ ಪೂಜೆ ನಡೆಸಿ ಡ್ರಾಕುಲಾನನ್ನು ಎಬ್ಬಿಸ್ತಾನೆ. ಹೊಗೆಯೊಳಗಿಂದ ಡ್ರಾಕುಲಾ ಪಾತ್ರದ ಕ್ರಿಸ್ಟೋಫರ್ ಲೀ ಎದ್ದು ನಿಂತಾಗ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಆಮೇಲೆ? ಆಮೇಲೆ ಅವನು ಆ ಚರ್ಚು ಬಿಟ್ಟು ಕದಲೋದೇ ಇಲ್ಲ. ಹೊರಗೆ ಇಡೀ ಲಂಡನ್ ಇದೆ, ಬಸ್ಸಿದೆ, ನಿಯಾನ್ ದೀಪ ಇದೆ. ಒಂದು ಸಲವಾದರೂ ಅವನನ್ನು ಆ ಬೀದಿಯಲ್ಲಿ ನಡೆಸಬಾರದಿತ್ತಾ? ನಿರ್ಮಾಪಕರಿಗೆ ಧೈರ್ಯ ಬರಲಿಲ್ಲ ಅಂತಲೇ ನನಗನ್ನಿಸೋದು. ಶೀರ್ಷಿಕೆಯಲ್ಲಿ ಹೊಸ ಇಸವಿ ಹಾಕಿದರು, ಅವನನ್ನು ಮಾತ್ರ ಹಳೇ ಕಲ್ಲುಗೋಡೆಗಳ ನಡುವೆಯೇ ಇಟ್ಟರು.

ಆ ಸಿನಿಮಾನ ಹೊತ್ತು ನಿಲ್ಲೋದು, ಆ ಹಳೇ ವ್ಯಾನ್ ಹೆಲ್ಸಿಂಗ್ ವಂಶದವನಾಗಿ ಡ್ರಾಕುಲಾನ ಎದುರು ನಿಲ್ಲೋ ಪೀಟರ್ ಕುಶಿಂಗ್. ಮೊದಲ ಯೋಜನೆಯಲ್ಲಿ ಅವರು ನಾಯಕಿ ಜೆಸಿಕಾಳ ಅಪ್ಪ. 1971ರ ಜನವರಿಯಲ್ಲಿ ಅವರ ಹೆಂಡತಿ ಹೆಲೆನ್ ತೀರಿಕೊಂಡರು. ಆ ದುಃಖದಲ್ಲಿ ಅವರು ಎಷ್ಟು ಸೊರಗಿಹೋದರು ಅಂದರೆ, ಚಿತ್ರಕಥೆಯಲ್ಲಿ ಅಪ್ಪನನ್ನು ತಾತ ಅಂತ ತಿದ್ದಬೇಕಾಯ್ತು. ಇದು ಗೊತ್ತಾದ ಮೇಲೆ ಸಿನಿಮಾನ ಇನ್ನೊಂದು ಸಲ ನೋಡಿ. ಕೆನ್ನೆ ಗುಳಿಬಿದ್ದಿದೆ, ಆದರೂ ಮೊಮ್ಮಗಳನ್ನು ಉಳಿಸಿಕೊಳ್ಳೋಕೆ ಓಡ್ತಾರೆ, ಏದುಸಿರು ಬಿಡ್ತಾರೆ. ಈ ಒಬ್ಬಳನ್ನಾದರೂ ಕಳ್ಕೊಳ್ಳಬಾರದು ಅನ್ನೋ ಹಟ ಆ ಕಣ್ಣಲ್ಲಿ ಕಾಣುತ್ತೆ.

ಮುಂದಿನ ಸಿನಿಮಾ 'ದಿ ಸಟಾನಿಕ್ ರೈಟ್ಸ್ ಆಫ್ ಡ್ರಾಕುಲಾ'. ಅದೇ ನಿರ್ದೇಶಕ, ಅದೇ ಲೇಖಕ ಡಾನ್ ಹೌಟನ್. ಲೀ ಒಲ್ಲದ ಮನಸ್ಸಿನಿಂದಲೇ ಒಪ್ಪಿದ ಚಿತ್ರ ಇದು. ಹ್ಯಾಮರ್‌ಗಾಗಿ ಅವರು ಡ್ರಾಕುಲಾ ಆದದ್ದು ಇದೇ ಕೊನೆ ಸಲ. ಎಲ್ಲರೂ ಇದನ್ನು ಇನ್ನೂ ಕೆಳಗಿಡ್ತಾರೆ. ನಾನು ಮೇಲಿಡ್ತೀನಿ. ಯಾಕೆ ಅಂದರೆ ಇಲ್ಲಿ ಡ್ರಾಕುಲಾ ಡಿ.ಡಿ. ಡೆನ್‌ಹ್ಯಾಮ್ ಅನ್ನೋ ಹೆಸರಿನ ರಿಯಲ್ ಎಸ್ಟೇಟ್ ಕುಳ. ಹಿಂದಿನ ಸಿನಿಮಾದ ಅದೇ ಚರ್ಚು ಇದ್ದ ಜಾಗದಲ್ಲಿ ಗಾಜು ಕಾಂಕ್ರೀಟಿನ ಟವರ್ ಎದ್ದಿದೆ, ಅದರಲ್ಲಿ ಅವನ ಆಫೀಸು. ಆ ಕಾಲದ ಲಂಡನ್ನಿನವರಿಗೆ ಇದು ಬರೀ ಕಲ್ಪನೆ ಅನ್ನಿಸಿರಲಾರದು. 1966ರಲ್ಲಿ ಕಟ್ಟಿ ಮುಗಿಸಿದ್ದ ಸೆಂಟರ್ ಪಾಯಿಂಟ್ ಅನ್ನೋ ಟವರ್ ನಗರದ ಎದೆ ಮೇಲೆ ವರ್ಷಗಟ್ಟಲೆ ಖಾಲಿ ನಿಂತಿತ್ತು. ಮನೆಯಿಲ್ಲದವರ ಪರ ಹೋರಾಡುತ್ತಿದ್ದವರು 1974ರ ಜನವರಿಯಲ್ಲಿ ಒಳಗೆ ನುಗ್ಗಿ ಅದನ್ನು ವಶಕ್ಕೆ ತಗೊಂಡು ಪ್ರತಿಭಟಿಸಿದರು. ಜನ ಬಾಳಬೇಕಾದ ನೆಲದ ಮೇಲೆ ಜೀವವೇ ಇಲ್ಲದ ಕಟ್ಟಡ. ಅಂಥ ಊರಲ್ಲಿ ರಕ್ತಪಿಶಾಚಿ ಬೇರೆ ಯಾವ ಕಸುಬು ಹಿಡೀಬೇಕಿತ್ತು, ಹೇಳಿ?

ಕುಶಿಂಗ್ ಆ ಆಫೀಸಿಗೆ ಹೋಗೋ ದೃಶ್ಯ ಒಂದಿದೆ. ಕಣ್ಣು ಕೋರೈಸೋ ದೀಪ ಅವರ ಮುಖಕ್ಕೆ ತಿರುಗಿದೆ. ಮೇಜಿನ ಆಚೆ ಕೂತವನ ಮುಖ ಕತ್ತಲಲ್ಲಿದೆ, ಬರೋದು ದನಿ ಮಾತ್ರ. ಮಾತಾಡ್ತಾ ಮಾತಾಡ್ತಾ ಕುಶಿಂಗ್ ಮೇಜಿನ ಮೇಲಿನ ಕಾಗದಗಳ ಜೊತೆ ಒಂದು ಬೈಬಲ್ ಸೇರಿಸಿಬಿಡ್ತಾರೆ. ಅವನು ಮುಟ್ಟಿದ ತಕ್ಷಣ ಕೈ ಸುಡುತ್ತೆ. ಇದಕ್ಕೆ ಕೋಟೆಯೂ ಬೇಕಾಗಲಿಲ್ಲ, ಮಂಜೂ ಬೇಕಾಗಲಿಲ್ಲ.

ಬೇಸರ ಅಂದರೆ, ಇಷ್ಟು ಒಳ್ಳೆಯ ಎಳೆ ಕೈಯಲ್ಲಿದ್ದೂ ಕಥೆ ಮತ್ತೆ ಹಳ್ಳಿಗಾಡಿನ ಬಂಗಲೆಗೆ ಓಡುತ್ತೆ. ಡ್ರಾಕುಲಾ ಸಾಯೋದು ಮುಳ್ಳಿನ ಪೊದೆಗೆ ಸಿಕ್ಕಿಕೊಂಡು. ಅವನು ಸೋಲಬೇಕಾಗಿದ್ದು ಆ ಟವರಿನಲ್ಲಿ. ಬೆಳಗಿನ ಬಿಸಿಲು ಗಾಜಿನ ಗೋಡೆ ತುಂಬ ಒಳಗೆ ಬರುವಾಗ, ಕೈಕೆಳಗಿನ ಗುಮಾಸ್ತರು ಒಬ್ಬೊಬ್ಬರೇ ಲಿಫ್ಟ್ ಹತ್ತಿ ಕೆಲಸಕ್ಕೆ ಬರ್ತಾ ಇರುವಾಗ.